ಮಳೆಗಾಲವೆಲ್ಲ ನಿಂತ ಜೀಪಿಗೆ 12 ವೋಲ್ಟಿನ ಆಯಿಲ್ ಪಂಪ್: ಬೆಂಚಿನ ಮೇಲೆ ಮೂರು ದಿನ

ಆಲ್ದೂರಿನ ಆಚೆ ಒಂದು ತೋಟ. ಸಾವ್ಕಾರ್ರು ತೀರಿಕೊಂಡ ಮೇಲೆ ಅವರ ಮಹೀಂದ್ರ ಎಂಎಂ 540 ಜೀಪು ವರ್ಷದಲ್ಲಿ ಐದಾರು ತಿಂಗಳು ಶೆಡ್ಡಿನಲ್ಲೇ ನಿಂತಿರುತ್ತದೆ. ಮೃಗಶಿರೆ ಮಳೆ ಹಿಡಿಯುವ ಮೊದಲು ಒಳಗೆ ಹೋದರೆ ಕಾಫಿ ಕುಯ್ಲಿಗೇ ಹೊರಗೆ ಬರುವುದು. ಹೋದ ವರ್ಷ ಕುಯ್ಲು ಹತ್ತಿರವಾದಾಗ ಅಮ್ಮಾವ್ರು ಫೋನ್ ಮಾಡಿ ಕರೆಸಿದರು. ಬ್ಯಾಟರಿ ಹೊಸದು ಕೂರಿಸಿದೆ, ಡೀಸೆಲ್ ಲೈನಿನ ಏರ್ ತೆಗೆದೆ, ಕಡ್ಡಿ ಎಳೆದು ಆಯಿಲ್ ಮಟ್ಟ ನೋಡಿದೆ, ಸರಿಯಿತ್ತು. ಸೆಲ್ಫ್ ಹೊಡೆದೆ. ಒಂದೇ ಏಟಿಗೆ ಎಂಜಿನ್ ಹಿಡಿಯಿತು. ಆದರೆ ಆಯಿಲ್ ದೀಪ ಆರಲಿಲ್ಲ. ಈಗ ಆರುತ್ತೆ, ಈಗ ಆರುತ್ತೆ ಅಂತ ಕಾದೆ. ಹದಿನೈದೋ ಇಪ್ಪತ್ತೋ ಸೆಕೆಂಡು ಆಗಿರಬೇಕು. ಆಮೇಲೆ ಕೆಳಗಿನಿಂದ ಕಟಕಟ ಅಂತ ಸದ್ದು ಬಂತು, ಕೂಡಲೇ ಆಫ್ ಮಾಡಿದೆ.

ಚೇಂಬರ್, ಅಂದರೆ ಎಂಜಿನ್ನಿನ ಅಡಿಯ ಆಯಿಲ್ ತೊಟ್ಟಿ, ಬಿಚ್ಚಿ ನೋಡಿದಾಗ ಬಿಗ್‌ಎಂಡ್ ಶೆಲ್ಲುಗಳ (ಕನೆಕ್ಟಿಂಗ್ ರಾಡು ಕ್ರ್ಯಾಂಕನ್ನು ಹಿಡಿಯುವಲ್ಲಿನ ಬೇರಿಂಗುಗಳು) ಬೂದು ಪದರ ಹೋಗಿ ತಾಮ್ರ ಕಾಣುತ್ತಿತ್ತು. ಶೆಲ್ಲು ಹಳೆಯವು, ಮೊದಲೇ ಸವೆದಿದ್ದವು. ಉಳಿದಿದ್ದನ್ನು ಆ ಇಪ್ಪತ್ತು ಸೆಕೆಂಡು ತಿಂದುಹಾಕಿತು. ಕ್ರ್ಯಾಂಕ್, ಅಂದರೆ ಎಂಜಿನ್ನಿನ ಮುಖ್ಯ ಶಾಫ್ಟು, 10 ಥೌ (ಇಂಚಿನ ಸಾವಿರದಲ್ಲಿ ಹತ್ತು ಪಾಲು) ಗ್ರೈಂಡಿಂಗ್ ಆಯಿತು, ಅಂಡರ್‌ಸೈಜ್ ಶೆಲ್ಲು ಬಂತು, ಹತ್ತು ದಿನ ಜೀಪು ನನ್ನ ಗ್ಯಾರೇಜಿನಲ್ಲೇ ಇತ್ತು. ಬಿಲ್ಲು ಕೊಡುವಾಗ ಅಮ್ಮಾವ್ರು ಕೇಳಿದ್ದು ಒಂದೇ ಮಾತು: "ಅಲ್ಲಪ್ಪಾ, ನಿಲ್ಲಿಸಿದ್ದೇ ತಪ್ಪಾಯ್ತಾ?" ನಿಲ್ಲಿಸಿದ್ದು ತಪ್ಪಲ್ಲ ಅಮ್ಮ, ಒಣ ಬೇರಿಂಗಿನ ಮೇಲೆ ನಾನು ಸ್ಟಾರ್ಟ್ ಮಾಡಿದ್ದು ತಪ್ಪು ಅಂದೆ. ಕೂಲಿಯಲ್ಲಿ ಅರ್ಧ ಬಿಟ್ಟೆ. ಆದರೂ ಆ ಪ್ರಶ್ನೆ ಮನಸ್ಸಿನಿಂದ ಹೋಗಲಿಲ್ಲ.

ತಿಂಗಳುಗಟ್ಟಲೆ ನಿಂತ ಎಂಜಿನ್ನಿನಲ್ಲಿ ಬೇರಿಂಗ್, ಗ್ಯಾಲರಿ (ಎಂಜಿನ್ನಿನೊಳಗೆ ಆಯಿಲ್ ಹರಿಯುವ ದಾರಿ), ಫಿಲ್ಟರ್ ಎಲ್ಲದರ ಆಯಿಲೂ ಇಳಿದು ಚೇಂಬರ್ ಸೇರಿರುತ್ತದೆ. ಎಂಜಿನ್ನಿನ ಸ್ವಂತ ಪಂಪು ಕ್ರ್ಯಾಂಕಿನ ಜೊತೆಗೇ ತಿರುಗುವಂಥದ್ದು. ಅದು ಆಯಿಲ್ ಎತ್ತಬೇಕಾದರೆ ಕ್ರ್ಯಾಂಕ್ ಮೊದಲು ತಿರುಗಲೇಬೇಕು, ಅಂದರೆ ಒಣಗಿದ್ದಾಗಲೇ ತಿರುಗಬೇಕು. ಡೀಸೆಲ್ ನಿಲ್ಲಿಸುವ ಕೇಬಲ್ ಎಳೆದು ಹಿಡಿದು ದೀಪ ಆರುವವರೆಗೆ ಬರೀ ಸೆಲ್ಫ್ ಹೊಡೆಯುವುದು ನಮ್ಮ ಹಳೆಯ ಉಪಾಯ. ಏನೂ ಮಾಡದಿರುವುದಕ್ಕಿಂತ ಅದು ಎಷ್ಟೋ ವಾಸಿ. ಅವತ್ತು ಅದನ್ನೂ ಮಾಡಿರಲಿಲ್ಲ. ಆದರೆ ಅದರಲ್ಲೂ ಕ್ರ್ಯಾಂಕ್ ಒಣದಾಗಿಯೇ ತಿರುಗುತ್ತದೆ, ಸೆಲ್ಫ್ ಕಾದು ಬ್ಯಾಟರಿ ಕೂರುತ್ತದೆ. ಎಂಜಿನ್ ತಿರುಗುವ ಮೊದಲೇ ಹೊರಗಿನಿಂದ ಆಯಿಲ್ ಒತ್ತಿ ತುಂಬಿಸಿದರೆ ಬೇರಿಂಗ್ ಒದ್ದೆಯಾದ ಮೇಲೇ ಮೊದಲ ಸುತ್ತು ಬರುತ್ತದೆ. ಅದಕ್ಕೇ ಕರೆಂಟಿನ ಆಯಿಲ್ ಪಂಪು ಬೇಕಾಗಿದ್ದು.

ಆನ್‌ಲೈನಿನಲ್ಲಿ 4,850 ರೂಪಾಯಿ ಕೊಟ್ಟು ತರಿಸಿದೆ. ಮೇಲೆ ಹೇಳಿಕೊಳ್ಳುವ ಹೆಸರೇನೂ ಇಲ್ಲ. 12 ವೋಲ್ಟಿನ ಬ್ರಷ್ ಮೋಟರು, ಮುಂದೆ ಬೀಡಿನ ಗೇರ್ ಪಂಪು, ಎರಡೂ ಕಡೆ ಅರ್ಧ ಇಂಚಿನ ತ್ರೆಡ್ಡು. ಲೇಬಲ್ಲಿನಲ್ಲಿ ಬರೆದಿದ್ದು ಹೀಗೆ: ನಿಮಿಷಕ್ಕೆ 10 ಲೀಟರ್, 6 ಬಾರ್, 15 ಆಂಪಿಯರ್, 120 ಡಿಗ್ರಿ. ಈ ನಾಲ್ಕರಲ್ಲಿ ಯಾವುದು ನಿಜ, ಯಾವುದು ಯಾವಾಗ ನಿಜ ಅಂತ ತಿಳಿಯದೆ ಗಿರಾಕಿಯ ಎಂಜಿನ್ನಿಗೆ ಪೈಪು ಸೇರಿಸುವ ಧೈರ್ಯ ನನಗಿರಲಿಲ್ಲ. ಒಂದು ಸಲ ಆದದ್ದು ಸಾಕಾಗಿತ್ತು. 10 ಲೀಟರ್ ಎಷ್ಟು ಒತ್ತಡದಲ್ಲಿ ಅಂತ ಮಾರಿದವರನ್ನು ಕೇಳಿದೆ. ಅದೇ ಲೇಬಲ್ಲಿನ ಫೋಟೋ ತಿರುಗಿ ಕಳಿಸಿದರು.

ಮೊದಲು ಪಂಪಿನ ಮುಂದಿನ ಮುಚ್ಚಳ ಬಿಚ್ಚಿದೆ. ಯಾರೇ ಕೊಂಡರೂ ಇದನ್ನು ಮಾಡಲೇಬೇಕು. ಒಳಗೆ ಲೇತಿನ ಚೂರು ಎರಡು ಮೂರು ಸಿಕ್ಕವು, ಉಗುರಿನ ಕಸದಷ್ಟು ಸಣ್ಣವು. ಅವು ಬೇರಿಂಗಿಗೆ ಹೋದರೆ ಒಣ ಸ್ಟಾರ್ಟಿಗಿಂತ ಕೆಟ್ಟದ್ದು. ಗೇರು, ಬಾಡಿ ಎಲ್ಲ ಡೀಸೆಲ್ಲಿನಲ್ಲಿ ತೊಳೆದು, ಗಾಳಿ ಹೊಡೆದು, ಹಲ್ಲುಗಳಿಗೆ ಆಯಿಲ್ ಸವರಿ ಕೂರಿಸಿದೆ. ಗೇರ್ ಪಂಪು ಒಣದಾಗಿ ತಿರುಗಬಾರದು. ಒಳಗೆ ಆಯಿಲ್ ಇದ್ದರೇ ಅದು ಗಾಳಿ ಬಿಗಿದು ಎಳೆಯುವುದು.

ಬೆಂಚು ಅಂದರೆ ದೊಡ್ಡದೇನಲ್ಲ. ಪಂಪು ವೈಸಿನಲ್ಲಿ. ಕೆಳಗೆ ಹಳೆಯ ಹಾಲಿನ ಕ್ಯಾನು, ಅದರಲ್ಲಿ 15ಡಬ್ಲ್ಯೂ-40 ಆಯಿಲ್ ಏಳು ಲೀಟರ್. ಹೊರ ಹೋಗುವ ಲೈನಿನಲ್ಲಿ ಟಿ ಹಾಕಿ 10 ಕೆಜಿಯ ಪ್ರೆಶರ್ ಗೇಜು (ಒತ್ತಡದ ಕೆಜಿ ಅಂದರೆ ಚದರ ಸೆಂಟಿಮೀಟರಿಗೆ ಅಷ್ಟು ಕೆಜಿ, ಹೆಚ್ಚುಕಡಿಮೆ ಒಂದು ಬಾರ್), ಅದರ ಮುಂದೆ ಸಣ್ಣಗೆ ತಿರುಗಿಸಬಹುದಾದ ವಾಲ್ವು, ಅಲ್ಲಿಂದ ಪೈಪು ಬಕೆಟ್ಟಿಗೆ. ವಾಲ್ವು ಬಿಗಿದಷ್ಟೂ ಎಂಜಿನ್ ತಡೆದ ಹಾಗೆ ಆಗುತ್ತದೆ. ಬಕೆಟ್ಟಿನ ಗೆರೆ ನೋಡಿ ಲೀಟರ್ ಅಳೆಯಲು ಹೋದರೆ ನೊರೆ ಸುಳ್ಳು ಹೇಳುತ್ತದೆ. ಅದಕ್ಕೆ ಪಕ್ಕದ ಮೆಣಸಿನ ವ್ಯಾಪಾರಿಯ ಎಲೆಕ್ಟ್ರಾನಿಕ್ ತಕ್ಕಡಿ ಕೇಳಿ ತಂದು ಬಕೆಟ್ಟನ್ನು ಅದರ ಮೇಲಿಟ್ಟೆ. ಮೂವತ್ತು ಸೆಕೆಂಡಿನಲ್ಲಿ ಎಷ್ಟು ಕೆಜಿ ಬಿತ್ತು ಅಂತ ನೋಡಿ ಲೀಟರಿಗೆ ತಿರುಗಿಸುವುದು. ತಣ್ಣಗಿದ್ದಾಗ ಈ ಆಯಿಲ್ ಲೀಟರಿಗೆ ಸುಮಾರು 880 ಗ್ರಾಂ ತೂಗುತ್ತದೆ, 80 ಡಿಗ್ರಿಗೆ ಕಾದಾಗ ಸುಮಾರು 840. ಈ ವ್ಯತ್ಯಾಸ ಬಿಟ್ಟರೆ ಬಿಸಿ ಆಯಿಲಿನ ಲೆಕ್ಕದಲ್ಲಿ ನಿಮಿಷಕ್ಕೆ ಹತ್ತಿರ ಹತ್ತಿರ ಅರ್ಧ ಲೀಟರ್ ತಪ್ಪಿಹೋಗುತ್ತದೆ.

ಸೆಪ್ಟೆಂಬರ್ ಕೊನೆಯ ವಾರ, ಬೆಳಿಗ್ಗೆ ಏಳೂವರೆ. ಕ್ಯಾನಿನಲ್ಲಿ ಥರ್ಮಾಮೀಟರ್ 19 ಡಿಗ್ರಿ ತೋರಿಸುತ್ತಿತ್ತು. ಸ್ವಿಚ್ ಒತ್ತಿದ ಕೂಡಲೇ ಪಂಪು ಕಲ್ಲು ಅರೆದ ಹಾಗೆ ಕಿರುಚಿತು. ಬಕೆಟ್ಟಿಗೆ ಬಿದ್ದದ್ದು ಆಯಿಲ್ ಅಲ್ಲ, ಹಾಲಿನ ಕೆನೆಯಂಥ ನೊರೆ. ಗ್ಯಾರೇಜಿನ ಹುಡುಗ ಓಡಿಬಂದು "ಅಣ್ಣಾ, ಪಂಪು ಡ್ಯಾಮೇಜು, ವಾಪಸ್ ಕಳ್ಸಿ" ಅಂದ. ನನಗೂ ಹಾಗೇ ಅನ್ನಿಸಿತು. ರಿಟರ್ನ್ ಹಾಕಲು ಫೋನ್ ಕೂಡ ತೆಗೆದಿದ್ದೆ.

ಡ್ಯಾಮೇಜಾಗಿದ್ದು ಪಂಪಲ್ಲ, ನಾನು ಹಾಕಿದ ಸಕ್ಷನ್ ಪೈಪು, ಅಂದರೆ ಕ್ಯಾನಿನಿಂದ ಪಂಪಿಗೆ ಆಯಿಲ್ ಬರುವ ಪೈಪು. ಕೈಗೆ ಸಿಕ್ಕ 8 ಎಂಎಂ ಪೈಪನ್ನು ನಾಲ್ಕಡಿ ಉದ್ದ ಬಿಟ್ಟಿದ್ದೆ. ಪಂಪು ಎಳೆಯುತ್ತದೆ ಅಂತ ನಾವು ಅನ್ನುತ್ತೇವೆ. ನಿಜದಲ್ಲಿ ಅದು ಜಾಗ ಖಾಲಿ ಮಾಡಿಕೊಡುತ್ತದೆ ಅಷ್ಟೇ, ಆಯಿಲನ್ನು ಒಳಕ್ಕೆ ತಳ್ಳುವುದು ಹೊರಗಿನ ಗಾಳಿಯ ಒತ್ತಡ. ಆ ಒತ್ತಡ ಸಮುದ್ರದ ಮಟ್ಟದಲ್ಲೇ ಒಂದು ಕೆಜಿ ಆಸುಪಾಸು. ಸಾವಿರ ಮೀಟರಿಗೂ ಮೇಲಿರುವ ನಮ್ಮೂರಿನಲ್ಲಿ ಅದರಲ್ಲೂ ಹತ್ತನೇ ಒಂದು ಪಾಲು ಕಡಿಮೆ. 19 ಡಿಗ್ರಿಯ ಆಯಿಲ್ ಕಾಕಂಬಿ ಬೆಲ್ಲದ ಹಾಗೆ ಹರಿಯುತ್ತದೆ, ಅದನ್ನು 8 ಎಂಎಂ ತೂತಿನಲ್ಲಿ ನಾಲ್ಕಡಿ ತಳ್ಳುವ ಶಕ್ತಿ ಆ ಗಾಳಿಗಿಲ್ಲ. ಪಂಪಿನ ಬಾಯಲ್ಲಿ ಖಾಲಿ ಗುಳ್ಳೆ ಹುಟ್ಟುತ್ತದೆ, ಹಲ್ಲಿನ ನಡುವೆ ಸಿಕ್ಕಿ ಒಡೆಯುತ್ತದೆ. ಆ ಕಿರುಚಾಟ ಅದರದ್ದೇ. ಪೈಪಿನ ಒಳವ್ಯಾಸ ಎರಡರಷ್ಟು ಮಾಡಿದರೆ ತಡೆ ಅರ್ಧವಲ್ಲ, ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 16 ಎಂಎಂ ಪೈಪು ಹಾಕಿ, ಉದ್ದ ಎರಡಡಿಗೆ ಕತ್ತರಿಸಿ, ಕ್ಯಾನನ್ನು ಸ್ಟೂಲಿನ ಮೇಲೆತ್ತಿ ಪಂಪಿನ ಮಟ್ಟಕ್ಕೆ ತಂದೆ. ಕಿರುಚಾಟ ನಿಂತಿತು. ಒಳ್ಳೆ ಹೊಲಿಗೆ ಮೆಷಿನಿನ ಸದ್ದು.

ಈ ಪಂಪಿಗೆ ಒಂದು ಸ್ಟಾರ್ ಕೊಟ್ಟು "ನೊರೆ ಬರುತ್ತೆ, ಸದ್ದು ಜಾಸ್ತಿ" ಅಂತ ಬರೆದವರು ಎಷ್ಟೋ ಮಂದಿ ಇದ್ದಾರೆ. ಅವರ ಫೋಟೋಗಳಲ್ಲಿ ಕಾಣುವ ಪೈಪುಗಳೆಲ್ಲ ಬೆರಳಿಗಿಂತ ಸಣ್ಣ. ದಯವಿಟ್ಟು ಪೈಪು ಬದಲಿಸಿ ಇನ್ನೊಂದು ಸಲ ನೋಡಿ. ಜಾಲರಿ ಹಾಕುವುದಾದರೂ ಸಕ್ಷನ್ ಕಡೆ ದೊಡ್ಡ ಕಣ್ಣಿನದ್ದೇ ಇರಲಿ, ನುಣ್ಣನೆ ಫಿಲ್ಟರು ಪಂಪು ದಾಟಿದ ಮೇಲೆ, ಆಯಿಲ್ ಹೊರ ಹೋಗುವ ಕಡೆ ಬರಬೇಕು.

ಇನ್ನೊಂದು ಮೋಸ ವಯರಿನದ್ದು. ಪಂಪಿನ ಜೊತೆ ಬಂದ ವಯರು ಒಂದೂವರೆ ಸ್ಕ್ವೇರ್ ಎಂಎಂ ಇರಬಹುದು. ಬ್ಯಾಟರಿಯಿಂದ ಮೂರು ಮೀಟರ್ ದೂರಕ್ಕೆ ಎಳೆದು ಲೋಡು ಕೊಟ್ಟಾಗ ಬ್ಯಾಟರಿಯ ಮೇಲೆ 12.2 ವೋಲ್ಟು, ಪಂಪಿನ ಟರ್ಮಿನಲ್ಲಿನಲ್ಲಿ ಬರೀ 11. ವಯರು ಮುಟ್ಟಿದರೆ ಬೆಚ್ಚಗೆ. 6 ಸ್ಕ್ವೇರ್ ಎಂಎಂ ತಾಮ್ರದ ವಯರು ಹಾಕಿದ ಮೇಲೆ 11.9 ಬಂತು. ಆ ಒಂದು ವೋಲ್ಟಿಗೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ಆಯಿಲ್ ಕೂಡಿತು. ಸ್ಟಾರ್ಟ್ ಆಗುವ ಗಳಿಗೆಯಲ್ಲಿ ಕ್ಲ್ಯಾಂಪ್ ಮೀಟರು 38 ಆಂಪಿಯರ್ ಹಿಡಿಯಿತು, ಹಾಗಾಗಿ ಸಾದಾ ಸ್ವಿಚ್ಚಿನಲ್ಲಿ ನೇರ ಹೊಡೆಯಬೇಡಿ. 40 ಆಂಪಿನ ರಿಲೇ, 30 ಆಂಪಿನ ಫ್ಯೂಸು ಹಾಕಿದ್ದೇನೆ.

ಇನ್ನು ಅಳತೆ. ಇದಕ್ಕೇ ಮೂರು ದಿನ ಹೋದದ್ದು.

ತಣ್ಣನೆ ಆಯಿಲ್, 19 ಡಿಗ್ರಿ, ವಾಲ್ವು ಪೂರ್ತಿ ತೆರೆದು: ಮೂವತ್ತು ಸೆಕೆಂಡಿಗೆ 3.08 ಕೆಜಿ, ಅಂದರೆ ನಿಮಿಷಕ್ಕೆ 7 ಲೀಟರ್. ಕರೆಂಟು 11 ಆಂಪಿಯರ್. ವಾಲ್ವು ಬಿಗಿದು ಗೇಜನ್ನು 3 ಕೆಜಿಗೆ ತಂದಾಗ 5.6 ಲೀಟರ್, 16 ಆಂಪಿಯರ್. ಲೇಬಲ್ಲಿನ 15 ಆಂಪು ಇಲ್ಲೇ ದಾಟಿತು. 6 ಕೆಜಿಗೆ ಒಯ್ದಾಗ 24 ಆಂಪಿಯರ್ ಆಗಿ ಮೋಟರಿನ ಧ್ವನಿ ಕುಗ್ಗಿತು. ಅಲ್ಲಿಗೇ ನಿಲ್ಲಿಸಿದೆ, ವಾಲ್ವು ಪೂರ್ತಿ ಮುಚ್ಚಿ ನೋಡುವ ಮನಸ್ಸಾಗಲಿಲ್ಲ.

ಬಿಸಿ ಮಾಡಲು ಆಯಿಲಿನೊಳಗೆ ಹೀಟರ್ ಕಾಯಿಲು ಇಳಿಬಿಡಬೇಡಿ. ಕಾಯಿಲಿಗೆ ತಗುಲಿದ ಆಯಿಲ್ ಸುಟ್ಟು ಕಪ್ಪಾಗುತ್ತದೆ, ಹೊಗೆಯಾಡುತ್ತದೆ, ಬೆಂಕಿಯ ಭಯ ಬೇರೆ. ನಾನು ಸ್ನಾನದ ಹಂಡೆಯಲ್ಲಿ ನೀರು ಕುದಿಸಿ ಅದರೊಳಗೆ ಕ್ಯಾನು ಇಳಿಸಿದೆ. ನಮ್ಮ ಎತ್ತರದಲ್ಲಿ ನೀರು 96-97 ಡಿಗ್ರಿಗೇ ಕುದಿಯುವುದರಿಂದ ಆಯಿಲ್ ಅದರ ಮೇಲೆ ಹೋಗುವ ಭಯವೇ ಇಲ್ಲ. ಮೊದಲು 40 ಡಿಗ್ರಿಯಲ್ಲಿ ಅಳೆದೆ: ತೆರೆದಿದ್ದಾಗ 8.6 ಲೀಟರ್, 3 ಕೆಜಿಯಲ್ಲಿ 6.9 ಲೀಟರ್, 13.5 ಆಂಪಿಯರ್. ಆಮೇಲೆ 80 ಡಿಗ್ರಿ: ತೆರೆದಿದ್ದಾಗ 9.1 ಲೀಟರ್, ಕರೆಂಟು ಬರೀ 7 ಆಂಪಿಯರ್. ಆಹಾ, ಲೇಬಲ್ಲಿನ ಹತ್ತರ ಹತ್ತಿರ ಬಂತಲ್ಲ ಅಂತ ಖುಷಿಯಾಗಿ ವಾಲ್ವು 3 ಕೆಜಿಗೆ ಬಿಗಿದೆ. ಬಕೆಟ್ಟಿಗೆ ಬಿದ್ದದ್ದು 4.8 ಲೀಟರ್.

ತಪ್ಪಾಗಿರಬೇಕು ಅಂತ ನಾಲ್ಕು ಸಲ ಅಳೆದೆ. ನಾಲ್ಕು ಸಲವೂ 4.7ರಿಂದ 4.9ರ ಒಳಗೆ. ಅದೇ 3 ಕೆಜಿ ಒತ್ತಡದಲ್ಲಿ ತಣ್ಣಗಿದ್ದಾಗ 5.6, ಬೆಚ್ಚಗಿದ್ದಾಗ 6.9, ಬಿಸಿಯಲ್ಲಿ 4.8. ಏರಿ ಮತ್ತೆ ಇಳಿಯಿತು. ಅವತ್ತು ರಾತ್ರಿ ಊಟ ಮಾಡುವಾಗಲೂ ಇದೇ ಯೋಚನೆ.

ಎರಡು ಬೇರೆ ಬೇರೆ ಕಾರಣ ಒಂದರ ಮೇಲೊಂದು ಬಂದು ಕೂತಿವೆ. ಆಯಿಲ್ ತಣ್ಣಗೆ ದಪ್ಪಗಿದ್ದಾಗ ಹಲ್ಲಿನ ಸಂದಿಯಲ್ಲಿ ಏನೂ ಸೋರುವುದಿಲ್ಲ, ಒಂದು ಸುತ್ತಿಗೆ ಎಷ್ಟು ಬರಬೇಕೋ ಅಷ್ಟು ಬರುತ್ತದೆ. ಆದರೆ ಆ ದಪ್ಪ ಆಯಿಲನ್ನು ಕಲಕುವ ಭಾರಕ್ಕೆ ಮೋಟರು ಸೋಲುತ್ತದೆ, ಸುತ್ತುಗಳೇ ಕಡಿಮೆಯಾಗುತ್ತವೆ. ಬಿಸಿಯಲ್ಲಿ ಮೋಟರು ಹಗುರಾಗಿ ಓಡುತ್ತದೆ, ಸುತ್ತು ಹೆಚ್ಚು, ಆದರೆ ನೀರಾದ ಆಯಿಲ್ ಗೇರಿನ ತುದಿಯಿಂದ, ಪಕ್ಕದ ಮುಚ್ಚಳದ ಸಂದಿಯಿಂದ ಹಿಂದಕ್ಕೇ ಜಾರಿಹೋಗುತ್ತದೆ. ಮುಂದೆ ಒತ್ತಡವಿಲ್ಲದಿದ್ದರೆ ಜಾರಲು ಕಾರಣವಿಲ್ಲ, ಅದಕ್ಕೇ ತೆರೆದ ವಾಲ್ವಿನಲ್ಲಿ 9.1 ಅಂತ ಚೆಂದ ಕಂಡಿತು. ಒತ್ತಡ ಏರಿದಂತೆ ಜಾರುವುದೂ ಏರುತ್ತದೆ. 80 ಡಿಗ್ರಿಯಲ್ಲಿ ವಾಲ್ವು ಪೂರ್ತಿ ಮುಚ್ಚಿದಾಗ ಮುಳ್ಳು ಐದೂವರೆ ಹತ್ತಿರ ಹೋಗಿ ನಿಂತಿತು. ಪಂಪು ತಿರುಗುತ್ತಲೇ ಇತ್ತು, ಇಡೀ ಆಯಿಲ್ ಒಳಗೊಳಗೇ ಸುತ್ತುತ್ತಿತ್ತು.

ಈಗ ಲೇಬಲ್ಲು ಓದಿ. 10 ಲೀಟರಿಗೆ ಸಮೀಪದ್ದು ಬರುವುದು ಒತ್ತಡ ಇಲ್ಲದಾಗ. ಬಿಸಿಯಲ್ಲಿ 6 ಬಾರಿಗೆ ಸಮೀಪದ್ದು ಬರುವುದು ಹರಿವು ಇಲ್ಲದಾಗ. ಎರಡೂ ಒಟ್ಟಿಗೆ ಬರುವುದು ಯಾವತ್ತೂ ಇಲ್ಲ. ಇದು ಈ ಒಂದು ಪಂಪಿನ ದೋಷ ಅಂತ ನಾನು ಹೇಳುವುದಿಲ್ಲ, ಒತ್ತಡ ಏರಿದಂತೆ ಹರಿವು ಇಳಿಯುವುದು ಇಂಥ ಸಣ್ಣ ಪಂಪುಗಳ ಗುಣವೇ. ಆದರೆ ಎರಡನ್ನೂ ಅಕ್ಕಪಕ್ಕ ಬರೆದು, ನಡುವೆ ಏನಾಗುತ್ತದೆ ಅಂತ ಒಂದು ಸಾಲೂ ಬರೆಯದೆ ಮಾರುವುದು ಸರಿಯಲ್ಲ. ದುಡ್ಡು ಕೊಟ್ಟು ಕೊಳ್ಳುವವನು ಇವೆರಡು ಅಂಕಿ ನೋಡಿಯೇ ತನ್ನ ಎಂಜಿನ್ನನ್ನು ಒಪ್ಪಿಸುತ್ತಾನೆ.

ಎರಡನೇ ದಿನ ಮಧ್ಯಾಹ್ನ ಬಿಸಿ ಆಯಿಲಿನಲ್ಲೇ ಹೋಸ್ ಕ್ಲಿಪ್ಪು ಜಾರಿತು. ಸಕ್ಷನ್ನಿಗೆ ಪಾರದರ್ಶಕ ಪ್ಲಾಸ್ಟಿಕ್ ಪೈಪು ಹಾಕಿದ್ದೆ, ಗುಳ್ಳೆ ಕಾಣಲಿ ಅಂತ. ತಣ್ಣಗಿದ್ದಾಗ ಅದು ಚೆನ್ನಾಗಿಯೇ ಇತ್ತು. 80 ಡಿಗ್ರಿಯಲ್ಲಿ ಮೆತ್ತಗಾಗಿ ಚಪ್ಪಟೆಯಾಯಿತು, ತುದಿ ಕಳಚಿತು. ಎರಡು ಲೀಟರ್ ಆಯಿಲ್ ನೆಲಕ್ಕೆ. ಮೂಲೆಯಲ್ಲಿ ಚೀಲದಲ್ಲಿದ್ದ ಕಾಫಿ ಹೊಟ್ಟು ಸುರಿದು ಹೀರಿಸಿದೆವು. ಯಾರ ಕೈಕಾಲಿಗೂ ಬೀಳಲಿಲ್ಲ, ಅದೇ ಪುಣ್ಯ. ಅದೇ ಒತ್ತಡದ ಕಡೆಯ ಪೈಪಾಗಿದ್ದರೆ ಮುಖಕ್ಕೇ ಹಾರುತ್ತಿತ್ತು. ಆವತ್ತೇ ಬೇಲೂರು ಮೇಲಿನಿಂದ ಹಾಸನಕ್ಕೆ ಹೋಗಿ ಹೈಡ್ರಾಲಿಕ್ ಅಂಗಡಿಯಲ್ಲಿ ಆಯಿಲಿಗೆ ಅಂತಲೇ ಮಾಡಿದ ರಬ್ಬರ್ ಹೋಸು, ಪ್ರೆಸ್ ಮಾಡಿದ ತುದಿಗಳು, ರಿಲೀಫ್ ವಾಲ್ವು (ಒತ್ತಡ ಮಿತಿ ಮೀರಿದರೆ ತಾನೇ ತೆರೆಯುವಂಥದ್ದು), ಆಯಿಲನ್ನು ಒಂದೇ ಕಡೆಗೆ ಬಿಡುವ ಒಂದು ಎನ್‌ಆರ್‌ವಿ ತಂದೆ. ಎಲ್ಲ ಸೇರಿ 2,300 ಆಯಿತು. ಪಂಪಿನ ಬೆಲೆಗೆ ಈ ದುಡ್ಡನ್ನೂ ಕೂಡಿಸಿಯೇ ಲೆಕ್ಕ ಹಾಕಿ, ಇವಿಲ್ಲದೆ ಪಂಪು ಉಪಯೋಗಕ್ಕೆ ಬರುವುದಿಲ್ಲ. ಈ ಪಂಪಿನೊಳಗೆ ರಿಲೀಫ್ ವಾಲ್ವು ಇಲ್ಲ. ಮುಂದೆ ದಾರಿ ಮುಚ್ಚಿದರೆ ತಣ್ಣನೆ ಆಯಿಲಿನಲ್ಲಿ ಪೈಪೋ ಮೋಟರೋ ಯಾವುದಾದರೂ ಒಂದು ಹೋಗುತ್ತದೆ. ನಾನು ತಂದದ್ದನ್ನು 4 ಕೆಜಿಗೆ ಸೆಟ್ ಮಾಡಿ, ಹೆಚ್ಚಾದದ್ದು ಕ್ಯಾನಿಗೇ ವಾಪಸ್ ಬೀಳುವ ಹಾಗೆ ಮಾಡಿದ್ದೇನೆ.

ಮೂರನೇ ದಿನ ಬಿಸಿಯಲ್ಲೇ ನಲವತ್ತು ನಿಮಿಷ ಬಿಡದೆ ಓಡಿಸಿದೆ. ಮೋಟರಿನ ಬಾಡಿ ಕೈಯಿಡಲಾಗದಷ್ಟು ಕಾದಿತು. ಮೋಟರಿಗೂ ಪಂಪಿಗೂ ನಡುವಿನ ಸಂದಿಯಿಂದ ಹನಿ ಶುರುವಾಯಿತು, ಸುಮಾರು ಹನ್ನೆರಡು ಸೆಕೆಂಡಿಗೆ ಒಂದು. ಶಾಫ್ಟಿನ ಆಯಿಲ್ ಸೀಲು. ಬಿಚ್ಚಿ ನೋಡಿದರೆ ಕಪ್ಪು ಸಾದಾ ರಬ್ಬರು, ತುಟಿ ಗಟ್ಟಿಯಾಗಿತ್ತು. 120 ಡಿಗ್ರಿ ಅಂತ ಲೇಬಲ್ಲಿನಲ್ಲಿ ಬರೆದವರು ಈ ಸೀಲನ್ನು ಹಾಕಬಾರದಿತ್ತು. ಸೀಲಿನ ಅಂಚಿನಲ್ಲಿ ಒಳವ್ಯಾಸ, ಹೊರವ್ಯಾಸ, ದಪ್ಪ ಅಂತ ಮೂರು ಸಂಖ್ಯೆ ಇರುತ್ತವೆ. ಅದೇ ಅಳತೆಯ, ಹೆಚ್ಚು ಬಿಸಿ ತಡೆಯುವ ವೈಟಾನ್ ರಬ್ಬರಿನ ಸೀಲು ಸಿಕ್ಕಿತು, ಹಾಕಿದೆ. ಮತ್ತೆ ನಲವತ್ತು ನಿಮಿಷ ಓಡಿಸಿದೆ, ಹನಿಯಿಲ್ಲ.

ಹಾಸನದಲ್ಲಿ ಎಂಜಿನಿಯರಿಂಗ್ ಓದುವ ನಮ್ಮ ನೆಂಟರ ಹುಡುಗ ಈ ಅಳತೆಗಳ ಪಟ್ಟಿ ನೋಡಿ ಕೇಳಿದ: "ಮಾವ, ಮಾರುತಿ 800 ಎಂಜಿನ್ನಿನ ಪಂಪೇ ತೆಗೆದುಹಾಕಿ ಇದನ್ನ ಹಾಕಿದ್ರೆ ಆಗಲ್ವಾ? ಪ್ರಾಜೆಕ್ಟಿಗೆ ಚೆನ್ನಾಗಿರತ್ತೆ." ಆಗಲ್ಲ ಕಣೋ ಅಂದೆ. ಬರೀ ಇಲ್ಲ ಅಂದರೆ ಅವನು ಬಿಡುವವನಲ್ಲ, ಕೂತು ಲೆಕ್ಕ ಹಾಕಿದೆವು. ರಸ್ತೆಯ ವೇಗದಲ್ಲಿ ಒಂದು ಎಂಜಿನ್ನಿಗೆ 4 ಕೆಜಿ ಒತ್ತಡದಲ್ಲಿ ನಿಮಿಷಕ್ಕೆ 30 ಲೀಟರ್ ಬೇಕು ಅಂತ ಇಟ್ಟುಕೊಳ್ಳೋಣ. ಆಯಿಲಿಗೆ ಸೇರುವ ಶಕ್ತಿಯೇ ಸುಮಾರು 200 ವ್ಯಾಟ್. ನನ್ನ ಬೆಂಚಿನಲ್ಲಿ ಈ ಪಂಪು ತಿಂದ ಕರೆಂಟಿನಲ್ಲಿ ಐದನೇ ಒಂದು ಪಾಲು ಮಾತ್ರ ಆಯಿಲಿಗೆ ಸೇರಿದೆ, ಅದೂ 40 ಡಿಗ್ರಿಯ ಒಳ್ಳೆ ಸ್ಥಿತಿಯಲ್ಲಿ. ಹಾಗಾದರೆ ಕರೆಂಟು ಒಂದು ಕಿಲೋವ್ಯಾಟ್ ಬೇಕು, 12 ವೋಲ್ಟಿನಲ್ಲಿ 80 ಆಂಪಿಯರಿಗಿಂತ ಹೆಚ್ಚು. ಆ ಸಣ್ಣ ಕಾರಿನ ಆಲ್ಟರ್ನೇಟರಿಗೆ ಅದು ಎಲ್ಲಿಂದ ಬರಬೇಕು? ಅಲ್ಲದೆ ಒಂದು ಫ್ಯೂಸು ಹೋದರೆ ಎಂಜಿನ್ನೇ ಹೋದ ಹಾಗೆ. ಕ್ರ್ಯಾಂಕಿಗೆ ಕಟ್ಟಿದ ಪಂಪು ಕ್ರ್ಯಾಂಕ್ ತಿರುಗುವವರೆಗೂ ತಿರುಗುತ್ತದೆ, ಅದರ ಹೆಚ್ಚುಗಾರಿಕೆ ಅದೇ. ಹೈಬ್ರಿಡ್ ಕಾರುಗಳಲ್ಲಿ, ಸಿಗ್ನಲ್ಲಿನಲ್ಲಿ ತಾನಾಗಿ ಆಫ್ ಆಗುವ ಕಾರುಗಳ ಆಟೋಮ್ಯಾಟಿಕ್ ಗೇರ್‌ಬಾಕ್ಸುಗಳಲ್ಲಿ ಕರೆಂಟಿನ ಆಯಿಲ್ ಪಂಪು ಇರುತ್ತದೆ ನಿಜ. ಎಂಜಿನ್ ನಿಂತಾಗ ಒತ್ತಡ ಬಿಡದೆ ಹಿಡಿದಿಡುವುದಕ್ಕೆ ಅದು ಇರುವುದು. ಅವು ಬ್ರಷ್ ಇಲ್ಲದ ಮೋಟರಿನ, ಆ ಕೆಲಸಕ್ಕೆಂದೇ ಅಳೆದು ಮಾಡಿದ ಪಂಪುಗಳು, ಈ ಬೆಲೆಯವಲ್ಲ. ಟರ್ಬೋದಿಂದ ಬಿಸಿ ಆಯಿಲ್ ಎಳೆಯಲು ಇದನ್ನು ಹಗಲೆಲ್ಲ ಓಡಿಸುವವರಿಗೂ ನನ್ನ ಮಾತು ಅದೇ. ನಲವತ್ತು ನಿಮಿಷಕ್ಕೆ ಅದು ಕಾದದ್ದನ್ನು ನಾನು ಕೈಯಿಟ್ಟು ನೋಡಿದ್ದೇನೆ.

ನನಗೆ ಬೇಕಾಗಿದ್ದುದು ವರ್ಷಕ್ಕೊಂದು ಸಲ, ತಣ್ಣನೆ ಎಂಜಿನ್ನಿಗೆ, ಒಂದೆರಡು ನಿಮಿಷದ ಕೆಲಸ. ಬೆಂಚಿನ ಮೇಲೆ ಈ ಪಂಪು ತನ್ನ ಒಳ್ಳೆಯ ಗುಣ ತೋರಿಸಿದ್ದೂ ಅಲ್ಲೇ: ತಣ್ಣಗೆ, 3 ಕೆಜಿಯಲ್ಲಿ, ಐದೂವರೆ ಲೀಟರ್, ಒಂದೇ ಸಮ. ಪಂಪಿನಿಂದ ಆಯಿಲ್ ಒಳಗೆ ಹೋಗುವುದು ಆಯಿಲ್ ಪ್ರೆಶರ್ ಸ್ವಿಚ್ಚು ಕೂರುವ ತೂತಿನಿಂದ. ಆ ತೂತಿಗೆ ಲೇತಿನಲ್ಲಿ ಒಂದು ಅಡಾಪ್ಟರ್ ಮಾಡಿಸಿ ಅದನ್ನೂ ಬೆಂಚಿನಲ್ಲಿ ನೋಡಿದೆ. ಅಷ್ಟು ಸಣ್ಣ ದಾರಿಯಲ್ಲೇ ತಣ್ಣನೆ ಆಯಿಲಿಗೆ ಮುಕ್ಕಾಲು ಕೆಜಿ ಒತ್ತಡ ಖರ್ಚಾಗುತ್ತದೆ. ಗೇಜು ಪಂಪಿನ ಹತ್ತಿರ ಇದ್ದರೆ 3 ತೋರಿಸುವಾಗ ಗ್ಯಾಲರಿಯಲ್ಲಿ ಇರುವುದು ಎರಡೂಕಾಲೇ ಅಂತ ಗೊತ್ತಿರಬೇಕು.

ನವೆಂಬರಿನಲ್ಲಿ ಅಮ್ಮಾವ್ರ ಫೋನು ಬಂತು. ಈ ಸಲ ಕಿಟ್ಟು ಜೊತೆಗೆ ಒಯ್ದೆ. ಹಳೆ ಆಯಿಲ್ ಇಳಿಸಿ, ಹೊಸ ಫಿಲ್ಟರು ಹಾಕಿ, ಹೊಸ ಆಯಿಲನ್ನು ಮೇಲಿನಿಂದ ಪೂರ್ತಿ ಸುರಿಯದೆ ಮೂರು ಲೀಟರ್ ಕ್ಯಾನಿನಲ್ಲಿ ಉಳಿಸಿಕೊಂಡೆ. ಪಂಪು ಒತ್ತುವ ಆಯಿಲೂ ಕೊನೆಗೆ ಚೇಂಬರಿಗೇ ಇಳಿಯುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಮಟ್ಟ ಮೀರುತ್ತದೆ. ಆ ಎಂಜಿನ್ನು ಪ್ಯೂಜೋ ವಿನ್ಯಾಸದ ಡೀಸೆಲ್, ಮೇಲೆ ವಾಲ್ವುಗಳನ್ನು ಒತ್ತುವ ರಾಕರುಗಳು. ಆಯಿಲ್ ಅಲ್ಲಿಯವರೆಗೆ ಬರುವುದು ಕಾಣಲಿ ಅಂತ ಅವುಗಳ ಮೇಲಿನ ಟ್ಯಾಪೆಟ್ ಕವರ್ ತೆಗೆದಿಟ್ಟೆ. ಪಂಪಿನ ಬಾಯಿಗೆ ಒಂದಿಷ್ಟು ಆಯಿಲ್ ಸುರಿದು ಸ್ವಿಚ್ ಒತ್ತಿದೆ.

ಮೊದಲು ಗೇಜಿನ ಮುಳ್ಳು ಅಲುಗಲೇ ಇಲ್ಲ. ಗ್ಯಾಲರಿ, ಫಿಲ್ಟರು ತುಂಬುತ್ತಿತ್ತು. ಆಮೇಲೆ ಮುಳ್ಳು ಎದ್ದಿತು. ಗ್ಯಾರೇಜಿನ ಹುಡುಗ ಸ್ಪ್ಯಾನರ್ ಹಾಕಿ ಕ್ರ್ಯಾಂಕ್ ಪುಲ್ಲಿಯನ್ನು ಮೆಲ್ಲಗೆ ಅರ್ಧರ್ಧ ಸುತ್ತು ತಿರುಗಿಸುತ್ತಾ ಹೋದ. ಕ್ರ್ಯಾಂಕಿನ ಒಳತೂತುಗಳು ಒಂದೊಂದಾಗಿ ಗ್ಯಾಲರಿಗೆ ಎದುರಾದಾಗಲೇ ಬಿಗ್‌ಎಂಡಿಗೆ ಆಯಿಲ್ ಸಿಗುವುದು, ಅದಕ್ಕೆ. ಮುಳ್ಳು 2.2 ಕೆಜಿಗೆ ಬಂತು. ಕೊನೆಗೆ ಹಿಂದಿನ ರಾಕರಿನ ತುದಿಯಲ್ಲಿ ಹೊಂಬಣ್ಣದ ಒಂದು ಹನಿ ಮೂಡಿತು, ಆಮೇಲೆ ಅದರ ಮುಂದಿನದರಲ್ಲಿ. ಅಮ್ಮಾವ್ರು ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾನೆಟ್ಟಿನ ಮೇಲೆ ಬಗ್ಗಿ ನೋಡುತ್ತಿದ್ದರು. "ಇದೇನಾ ನೀನು ಹೇಳಿದ್ದು?" ಅಂದರು. ಇದೇ ಅಮ್ಮ ಅಂದೆ.

ಅಡಾಪ್ಟರ್ ತೆಗೆದು ಸ್ವಿಚ್ಚು ಕೂರಿಸಿ, ಕವರ್ ಮುಚ್ಚಿ, ಕ್ಯಾನಿನಲ್ಲಿ ಉಳಿದದ್ದನ್ನು ಕಡ್ಡಿಯ ಗೆರೆ ನೋಡಿ ಸುರಿದೆ. ಕೀ ಅವರ ಕೈಗೇ ಕೊಟ್ಟೆ. ಎಂಜಿನ್ ಹಿಡಿದು ಎರಡು ಎಣಿಸುವುದರೊಳಗೆ ಆಯಿಲ್ ದೀಪ ಆರಿತ್ತು.